ನಕ್ಷೆ ಹರಿದದ್ದೂ ಡ್ರೋನ್ ಮರದ ತುದಿ ಸವರಿದ್ದೂ ಒಂದೇ ಕಾರಣಕ್ಕೆ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 12 ಎಕರೆ ಇಳಿಜಾರು ತೋಟ. ತಗ್ಗಿನಲ್ಲಿರುವ ಶೆಡ್ ಮುಂದಿನಿಂದ ಡ್ರೋನ್ ಎಬ್ಬಿಸಿ, ಆ್ಯಪ್‌ನಲ್ಲಿ 40 ಮೀಟರ್ ಎತ್ತರ ಕೊಟ್ಟು, ಸಾಲು ಸಾಲಾಗಿ ಹಾರಲು ಬಿಟ್ಟಿದ್ದೀರಿ. ಮರಗಳು 12 ಮೀಟರ್ ದಾಟುವುದಿಲ್ಲ, ಆದರೂ ಮೇಲಿನ ಅಂಚಿಗೆ ಹೋದಾಗ ಡ್ರೋನ್ ಮರದ ತುದಿ ಸವರಿದಂತೆ ಕಂಡು ಎದೆ ಝಲ್ಲೆಂದಿತು ಎಂದು ಬರೆದಿದ್ದೀರಿ. ಆಮೇಲೆ ಆ ಫೋಟೋಗಳನ್ನು ಸಾಫ್ಟ್‌ವೇರ್ ಹೊಲಿದು ಮಾಡಿದ ನಕ್ಷೆ ನೋಡಿದರೆ ಕೆಳಗಿನ ಅರ್ಧ ಚೆನ್ನಾಗಿದೆ, ಮೇಲಿನ ಅರ್ಧದಲ್ಲಿ ತೂತುಗಳು, ತುಂಡು ತುಂಡಾದ ಮರಗಳು. ಕ್ಯಾಮೆರಾ ಸರಿಯಿಲ್ಲವೇ, ಸಾಫ್ಟ್‌ವೇರ್ ಬದಲಿಸಬೇಕೇ ಎಂದು ಕೇಳಿದ್ದೀರಿ.

ಎರಡೂ ಅಲ್ಲ. ನೀವು ಕೊಟ್ಟ 40 ಮೀಟರ್ ಲೆಕ್ಕವಾಗುವುದು ಡ್ರೋನ್ ಎದ್ದ ಜಾಗದಿಂದ, ಅದರ ಕೆಳಗಿರುವ ನೆಲದಿಂದಲ್ಲ. ತೋಟದ ಮೇಲಿನ ಅಂಚು ಶೆಡ್‌ಗಿಂತ ಸುಮಾರು 25 ಮೀಟರ್ ಎತ್ತರದಲ್ಲಿದೆ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಲ್ಲ, ಇಡೀ ಉತ್ತರ ಅಲ್ಲೇ ಇದೆ. ಮೇಲಿನ ಅಂಚಿನಲ್ಲಿ ಡ್ರೋನ್ ನೆಲದಿಂದ 15 ಮೀಟರ್ ಎತ್ತರದಲ್ಲಷ್ಟೇ ಇತ್ತು. 12 ಮೀಟರಿನ ಮರಕ್ಕೂ ಅದಕ್ಕೂ ನಡುವೆ ಉಳಿದದ್ದು 3 ಮೀಟರ್. ಎತ್ತರದ ಅಂಕಿಯಲ್ಲಿ ಒಂದಿಷ್ಟು ಏರುಪೇರು ಯಾವಾಗಲೂ ಇರುತ್ತದೆ. ಅದನ್ನೂ ಸೇರಿಸಿಕೊಂಡರೆ ನಿಮ್ಮ ಡ್ರೋನ್ ಉಳಿದದ್ದು ದೊಡ್ಡದು.

ನಕ್ಷೆ ಹರಿದದ್ದೂ ಇದರಿಂದಲೇ. ನಿಮ್ಮದು 1 ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದಿದ್ದೀರಿ. ಈ ಬಗೆಯ ಕ್ಯಾಮೆರಾದಲ್ಲಿ ಸೆನ್ಸರಿನ ಅಗಲ 13.2 ಮಿಲಿಮೀಟರ್ (‘1 ಇಂಚು’ ಎನ್ನುವುದು ಹೆಸರಷ್ಟೇ), ಲೆನ್ಸಿನ ಫೋಕಲ್ ಲೆಂತ್ ಸಾಮಾನ್ಯವಾಗಿ 8.8 ಮಿಲಿಮೀಟರ್. ಅಂದರೆ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ಅಗಲದ ನೆಲ ಒಂದು ಫೋಟೋದಲ್ಲಿ ಬರುತ್ತದೆ. 40 ಮೀಟರಿನಿಂದ 60 ಮೀಟರ್ ಅಗಲ, 40 ಮೀಟರ್ ಉದ್ದ. ಒಂದು ಫೋಟೋದ ಎಷ್ಟು ಭಾಗ ಪಕ್ಕದ ಅಥವಾ ಮುಂದಿನ ಫೋಟೋದಲ್ಲೂ ಬರಬೇಕು ಎನ್ನುವುದೇ ಓವರ್‌ಲ್ಯಾಪ್. ನೀವು ಪಕ್ಕದ ಓವರ್‌ಲ್ಯಾಪ್ 70 ಪರ್ಸೆಂಟ್, ಮುಂದಿನ ಓವರ್‌ಲ್ಯಾಪ್ 80 ಪರ್ಸೆಂಟ್ ಕೊಟ್ಟಿದ್ದರಿಂದ ಆ್ಯಪ್ 18 ಮೀಟರಿಗೊಂದು ಸಾಲು, 8 ಮೀಟರಿಗೊಂದು ಫೋಟೋ ಎಂದು ಹಾಕಿಕೊಂಡಿತು. ಶೆಡ್ ಹತ್ತಿರ ಇದು ಸರಿ. ಮೇಲಿನ ಅಂಚಿನಲ್ಲಿ ಕ್ಯಾಮೆರಾ ನೆಲದಿಂದ 15 ಮೀಟರ್ ಮಾತ್ರ ಮೇಲಿದ್ದಾಗ ಫೋಟೋದ ಅಗಲ ಇಪ್ಪತ್ತೆರಡೂವರೆ ಮೀಟರಿಗೆ ಇಳಿಯಿತು, ಸಾಲುಗಳ ಅಂತರ ಮಾತ್ರ ಅದೇ 18 ಉಳಿಯಿತು. ಪಕ್ಕದ ಓವರ್‌ಲ್ಯಾಪ್ 70 ಹೋಗಿ 20 ಆಯಿತು. ಇನ್ನು ಮರದ ತಲೆಯ ಮಟ್ಟದಲ್ಲಿ ನೋಡಿ: 3 ಮೀಟರ್ ದೂರದಿಂದ ಕ್ಯಾಮೆರಾ ಕಂಡ ಅಗಲ ನಾಲ್ಕೂವರೆ ಮೀಟರ್. ಸಾಲಿನಿಂದ ಸಾಲಿಗೆ 18 ಮೀಟರ್ ಇರುವಾಗ ಆ ಮರ ಎರಡು ಸಾಲುಗಳ ಫೋಟೋದಲ್ಲಿ ಬರುವುದಾದರೂ ಹೇಗೆ? ಒಂದೇ ಜಾಗವನ್ನು ಹಲವು ಕೋನಗಳಿಂದ ಕಂಡರೆ ಮಾತ್ರ ಸಾಫ್ಟ್‌ವೇರ್ ಅದನ್ನು ಹೊಲಿಯಬಲ್ಲದು. ಸಿಗದಿದ್ದಲ್ಲಿ ತೂತು ಬಿಡುತ್ತದೆ.

ಹಾಗಾಗಿ ಮುಂದಿನ ಸಲ ಶೆಡ್ ಬಿಟ್ಟು ತೋಟದ ಎತ್ತರದ ಜಾಗದಿಂದ ಹಾರಿಸಿ. 60 ಮೀಟರ್ ಕೊಡಿ. ಆಗ ಅತಿ ಎತ್ತರದ ನೆಲದ ಮೇಲೂ 60 ಇರುತ್ತದೆ, ಶೆಡ್ ಮೇಲೆ 85 ಆಗುತ್ತದೆ. ತಗ್ಗಿನಲ್ಲಿ ಓವರ್‌ಲ್ಯಾಪ್ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಿವರ ಸ್ವಲ್ಪ ಹೋಗುತ್ತದೆ, ನಿಜ: ಮೇಲೆ ಒಂದು ಪಿಕ್ಸೆಲ್ ಅಂದರೆ 1.6 ಸೆಂಟಿಮೀಟರ್, ಕೆಳಗೆ 2.3. ಮರ ಎಣಿಸಲು, ಖಾಲಿ ಬಿದ್ದ ಗುಣಿ ಹುಡುಕಲು, ನೀರಿನ ಕಾಲುವೆ ಗುರುತಿಸಲು ಇದು ಧಾರಾಳ ಸಾಕು. ಹೊಸಬರು ಎತ್ತರ ಕಡಿಮೆ ಮಾಡಿದಷ್ಟೂ ನಕ್ಷೆ ಚೆಂದ ಎಂದುಕೊಳ್ಳುತ್ತಾರೆ, ಮರವಿರುವ ತೋಟದಲ್ಲಿ ಆಗುವುದು ಅದರ ಉಲ್ಟಾ. ಎತ್ತರದ ಜಾಗದಲ್ಲಿ ನಿಂತರೆ ಇನ್ನೊಂದು ಲಾಭವೂ ಇದೆ, ಡ್ರೋನ್ ಇಡೀ ತೋಟದ ಮೇಲೆ ಎಲ್ಲಿದ್ದರೂ ನಿಮ್ಮ ಕಣ್ಣಿಗೆ ಕಾಣುತ್ತದೆ.

ಪಕ್ಕದ ಓವರ್‌ಲ್ಯಾಪ್ 75 ಮಾಡಿ, ಮುಂದಿನದು 80 ಇರಲಿ. ಹಸಿರು ಒತ್ತೊತ್ತಾಗಿ ಎಲ್ಲ ಒಂದೇ ತರ ಕಾಣುವ ತೋಟವಾದರೆ 80, 85ಕ್ಕೆ ಏರಿಸಿ. 12 ಎಕರೆ ಹೆಚ್ಚುಕಡಿಮೆ ಚೌಕವಾಗಿದ್ದರೆ ಬದಿ 220 ಮೀಟರ್ ಆಗುತ್ತದೆ. 75, 80ರ ಲೆಕ್ಕದಲ್ಲಿ 60 ಮೀಟರಿನಿಂದ ಇಪ್ಪತ್ತೆರಡೂವರೆ ಮೀಟರಿಗೊಂದು ಸಾಲು, 12 ಮೀಟರಿಗೊಂದು ಫೋಟೋ. ಬೇಲಿಯ ಆಚೆಗೂ ಒಂದೊಂದು ಸಾಲು ಹೆಚ್ಚು ಹಾಕಿಕೊಳ್ಳಿ, ಅಂಚಿನಲ್ಲಿ ಓವರ್‌ಲ್ಯಾಪ್ ಯಾವಾಗಲೂ ಕಡಿಮೆ. ಎಲ್ಲ ಸೇರಿ 12 ಸಾಲು, ಸುಮಾರು 3 ಕಿಲೋಮೀಟರ್ ಹಾರಾಟ, 250 ಫೋಟೋ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ತಿರುವುಗಳೂ ಸೇರಿ ಹತ್ತು ಹನ್ನೊಂದು ನಿಮಿಷ. ಪಕ್ಕದವರ ಜಮೀನಿನ ಮೇಲೆ ಹೋಗುತ್ತದಾದರೆ ಮೊದಲೇ ಅವರಿಗೆ ಒಂದು ಮಾತು ಹೇಳಿಬಿಡಿ.

ನೆಲದ ಏರಿಳಿತಕ್ಕೆ ತಕ್ಕಂತೆ ತಾನೇ ಏರಿ ಇಳಿಯುವ ‘ಟೆರೇನ್ ಫಾಲೋ’ ಆನ್ ಮಾಡಿ ಎಂದು ಯಾರೋ ಸಲಹೆ ಕೊಟ್ಟಿದ್ದಾರೆ. ಒಳ್ಳೆಯ ಸೌಲಭ್ಯ, ಬೇಡ ಎನ್ನುವುದಿಲ್ಲ. ಆದರೆ ಅದು ಯಾವ ಎತ್ತರದ ಮಾಹಿತಿಯನ್ನು ನಂಬಿ ಹಾರುತ್ತದೆ ಎಂದು ನೋಡಿಕೊಳ್ಳಿ. ಉಚಿತವಾಗಿ ಸಿಗುವ ಮಾಹಿತಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು, ಸುಮಾರು 30 ಮೀಟರಿಗೊಂದು ಅಂಕಿ. ಆಮೇಲೆ ಬೆಳೆದ ಮರ, ಎದ್ದ ಟವರ್, ಎಳೆದ ವಿದ್ಯುತ್ ತಂತಿ ಅದಕ್ಕೆ ಗೊತ್ತಿಲ್ಲ. ಮೊದಲ ಕೆಲವು ಹಾರಾಟಗಳನ್ನು ಒಂದೇ ಎತ್ತರದಲ್ಲಿ, ಮೇಲಿನಿಂದ ಮಾಡಿ.

ಇನ್ನು ಸುರಕ್ಷತೆ. ನಾನಿರುವ ಗುಂಪುಗಳಲ್ಲಿ ಎಲ್ಲರೂ ಸೆಟ್ಟಿಂಗ್ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ.

ಹಾರಿಸುವ ಮುನ್ನ ‘ರಿಟರ್ನ್ ಟು ಹೋಮ್’ ಎತ್ತರ, ಅಂದರೆ ಡ್ರೋನ್ ತಾನಾಗಿ ವಾಪಸ್ ಬರುವಾಗ ಹಾರುವ ಎತ್ತರ ನೋಡಿ. ಕಾರ್ಖಾನೆಯಿಂದ ಬಂದ ಅಂಕಿಯನ್ನು ಹಾಗೇ ಬಿಡಬೇಡಿ. ಅದೂ ಎದ್ದ ಜಾಗದಿಂದಲೇ ಲೆಕ್ಕ. ಸುತ್ತಲಿನ ಅತಿ ಎತ್ತರದ ಮರ ಅಥವಾ ಕಂಬಕ್ಕಿಂತ ಕನಿಷ್ಠ 15-20 ಮೀಟರ್ ಮೇಲಿರಲಿ. ರಿಮೋಟ್ ಸಂಪರ್ಕ ತಪ್ಪಿದರೆ ಏನು ಮಾಡಬೇಕು ಎನ್ನುವ ಆಯ್ಕೆಯಲ್ಲಿ ‘ನಿಂತಲ್ಲೇ ಇಳಿ’ ಎಂದಿದ್ದರೆ ‘ವಾಪಸ್ ಬಾ’ ಎಂದು ಬದಲಿಸಿ. ಕೆಲವು ಮ್ಯಾಪಿಂಗ್ ಆ್ಯಪ್‌ಗಳಲ್ಲಿ ‘ಸಂಪರ್ಕ ತಪ್ಪಿದರೂ ಕೆಲಸ ಮುಂದುವರಿಸು’ ಎಂಬ ಆಯ್ಕೆಯೂ ಇರುತ್ತದೆ. ಹೊಸಬರು ಅದನ್ನು ಮುಟ್ಟದಿರುವುದೇ ವಾಸಿ.

ಸಾಕಷ್ಟು ಉಪಗ್ರಹ ಸಿಕ್ಕಿ ಹೋಮ್ ಪಾಯಿಂಟ್ (ವಾಪಸ್ ಬರಬೇಕಾದ ಜಾಗ) ದಾಖಲಾಯಿತು ಎಂಬ ಸೂಚನೆ ಬರುವವರೆಗೆ ಮೋಟಾರ್ ಸ್ಟಾರ್ಟ್ ಮಾಡಬೇಡಿ. ಡ್ರೋನ್ ಕಂಪಾಸ್ ಕ್ಯಾಲಿಬ್ರೇಟ್ ಮಾಡು ಎಂದು ಕೇಳಿದರೆ ಕಾರು, ಟ್ರ್ಯಾಕ್ಟರ್, ಕಬ್ಬಿಣದ ಗೇಟು, ಕಾಂಕ್ರೀಟ್ ನೆಲದಿಂದ ದೂರ ಹೋಗಿ ಮಾಡಿ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಕಣ್ಣಿಗೆ ಕಾಣದಿದ್ದರೂ ಕಂಪಾಸ್‌ಗೆ ತಿಳಿಯುತ್ತದೆ.

ಪ್ರೊಪೆಲ್ಲರ್‌ಗಳನ್ನು ಕಣ್ಣಿನಿಂದ ನೋಡಿದರೆ ಸಾಲದು. ಬ್ಯಾಟರಿ ಹಾಕುವ ಮೊದಲು ಒಂದೊಂದರ ಅಂಚಿನ ಮೇಲೂ ಬುಡದಿಂದ ತುದಿಯವರೆಗೆ ಉಗುರನ್ನು ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಉಗುರು ‘ಟಕ್’ ಎಂದು ಸಿಕ್ಕಿದರೆ ಅಲ್ಲಿ ಚೂರು ಎದ್ದಿದೆ ಎಂದರ್ಥ. ಬುಡದ ಹತ್ತಿರ ಬೆರಳಿನಿಂದ ಸ್ವಲ್ಪ ಬಾಗಿಸಿದಾಗ ಬಿಳಿ ಗೆರೆ ಕಂಡರೆ ಸೀಳಲು ಶುರುವಾಗಿದೆ. ಅದನ್ನು ಮತ್ತೆ ಹಾಕಬೇಡಿ, ಅಂಟು ಹಚ್ಚಿ ಸರಿಮಾಡುವ ಯೋಚನೆಯೂ ಬೇಡ. ಚಿಕ್ಕ ಏಟು ಬಿದ್ದ ಪ್ರೊಪೆಲ್ಲರ್ ಹಾರಾಟ ಕೆಡಿಸದಿದ್ದರೂ ನಡುಕ ಹುಟ್ಟಿಸುತ್ತದೆ, ಆ ನಡುಕದಿಂದ ಫೋಟೋ ಮಸುಕಾಗುತ್ತದೆ.

ಎದ್ದ ಮೇಲೆ ನಾಲ್ಕೈದು ಮೀಟರ್ ಎತ್ತರದಲ್ಲಿ ಅರ್ಧ ನಿಮಿಷ ನಿಲ್ಲಿಸಿ. ಅತ್ತಿತ್ತ ಜಾರುತ್ತಿದೆಯೇ, ಶಬ್ದ ಬೇರೆಯಾಗಿದೆಯೇ ಗಮನಿಸಿ. ಆಮೇಲೆ ಕೈಯಾರೆ 60 ಮೀಟರಿಗೆ ಏರಿಸಿ, ಕ್ಯಾಮೆರಾವನ್ನು ನೇರ ಮುಂದಕ್ಕೆ, ಸೊನ್ನೆ ಡಿಗ್ರಿಗೆ ತನ್ನಿ. ನಿಂತಲ್ಲೇ ಒಂದು ಸುತ್ತು ನಿಧಾನವಾಗಿ ತಿರುಗಿಸಿ. ಸ್ಕ್ರೀನಿನಲ್ಲಿ ದಿಗಂತದ ಗೆರೆಯನ್ನು ದಾಟಿ ಮೇಲೆ ಚಾಚಿದ್ದೆಲ್ಲವೂ ನಿಮ್ಮ ಡ್ರೋನ್‌ಗಿಂತ ಎತ್ತರದ್ದು, ಗೆರೆಯ ಕೆಳಗಿರುವುದೆಲ್ಲ ತಗ್ಗಿನದು. ನಿಮ್ಮ ತೋಟದ ಮೂಲೆಯಲ್ಲಿ ಟವರ್ ಇದೆ ಎಂದಿದ್ದೀರಲ್ಲ, ಅದನ್ನು ಹೀಗೆ ನೋಡಿಕೊಂಡ ಮೇಲೆಯೇ ಮಿಷನ್, ಅಂದರೆ ಆ್ಯಪ್ ತಾನೇ ನಡೆಸುವ ಹಾರಾಟ ಶುರು ಮಾಡಿ. ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರ್ ಇದೆಯಲ್ಲ ಎಂಬ ಧೈರ್ಯ ಬೇಡ. ತೆಳು ತಂತಿ, ಎಲೆಯಿಲ್ಲದ ಕಡ್ಡಿ ಅದಕ್ಕೆ ಕಾಣುವುದಿಲ್ಲ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಆಧಾರಿತ ಸೆನ್ಸರ್ ಕೆಲಸವನ್ನೇ ಮಾಡುವುದಿಲ್ಲ.

ಮಿಷನ್ ತಾನಾಗಿ ನಡೆಯುತ್ತಿದ್ದರೂ ಎರಡೂ ಕೈ ರಿಮೋಟ್ ಮೇಲೆ ಇರಲಿ. ಹಾರಾಟ ತಡೆದು ನಿಲ್ಲಿಸುವ ‘ಪಾಝ್’ ಬಟನ್ ಎಲ್ಲಿದೆ, ಒತ್ತಿದ ಮೇಲೆ ಕೈಯಾರೆ ಹೇಗೆ ತರುವುದು ಎಂದು ಖಾಲಿ ಬಯಲಲ್ಲಿ ನಾಲ್ಕೈದು ಸಲ ಅಭ್ಯಾಸ ಮಾಡಿ. ತೋಟದಲ್ಲಿ ಕೆಲಸ ಮಾಡುವವರಿಗೆ ಮೊದಲೇ ತಿಳಿಸಿ, ಅವರ ತಲೆಯ ಮೇಲೆ ಹಾರಿಸಬೇಡಿ. ಮಕ್ಕಳೂ ಸಾಕುಪ್ರಾಣಿಗಳೂ ಇಳಿಯುವ ಜಾಗದಿಂದ ದೂರವಿರಲಿ. ಇಳಿಯುವಾಗ ಕೈಯಲ್ಲಿ ಹಿಡಿಯುವ ಚಾಳಿ ಮಾತ್ರ ಬೇಡವೇ ಬೇಡ. ಹದ್ದು ಬೆನ್ನತ್ತಿದರೆ ಮಿಷನ್ ನಿಲ್ಲಿಸಿ ಮೇಲಕ್ಕೇರಿಸಿ, ನೇರ ಮೇಲೇರುವುದರಲ್ಲಿ ಹಕ್ಕಿ ಹಿಂದೆ ಬೀಳುತ್ತದೆ. ಆಮೇಲೆ ದೂರ ತಂದು ಇಳಿಸಿ, ಆ ಹೊತ್ತಿಗೆ ಹಾರಾಟ ಸಾಕು. ನೋಂದಣಿ, ಅನುಮತಿ, ಹಾರಾಟ ನಿಷೇಧಿತ ವಲಯ ಇವನ್ನು ನಿಮ್ಮಲ್ಲಿನ ವಿಮಾನಯಾನ ಪ್ರಾಧಿಕಾರದ ನಕ್ಷೆಯಲ್ಲೇ ಖಚಿತ ಮಾಡಿಕೊಳ್ಳಿ. ಬಹಳಷ್ಟು ದೇಶಗಳಲ್ಲಿ ನೆಲದಿಂದ 120 ಮೀಟರ್, ಅಂದರೆ 400 ಅಡಿ ಮಿತಿ ಇದೆ. ಗಮನಿಸಿ, ಅದು ನೆಲದಿಂದ. ಗುಡ್ಡದ ಮೇಲಿನಿಂದ ಹಾರಿಸಿ ಕಣಿವೆಯ ಮೇಲೆ ಹೋದರೆ ಆ್ಯಪ್ ತೋರಿಸುವ ಅಂಕಿ ಮಿತಿಯೊಳಗಿದ್ದರೂ ನೀವು ಮಿತಿ ದಾಟಿರಬಹುದು.

ಬ್ಯಾಟರಿ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ. ಒಮ್ಮೆ ಉದ್ದನೆಯ ಹೊಲದ ಮ್ಯಾಪಿಂಗ್‌ಗೆ ಹೋಗಿದ್ದೆ. ನೆಲದ ಮೇಲೆ ಗಾಳಿ ಹಿತವಾಗಿತ್ತು, ಹುಲ್ಲಷ್ಟೇ ಅಲ್ಲಾಡುತ್ತಿತ್ತು. ಮೊದಲ ಸಾಲುಗಳು ಗಾಳಿಯ ಜೊತೆಗೇ ದೂರಕ್ಕೆ ಹೋದವು, ಬ್ಯಾಟರಿ ಇಳಿಯುವುದೇ ನಿಧಾನ ಎನಿಸಿತು. 34 ಪರ್ಸೆಂಟ್ ಇದ್ದಾಗ ವಾಪಸ್ ಕರೆದೆ. 80 ಮೀಟರ್ ಎತ್ತರದಲ್ಲಿ ಗಾಳಿ ಬೇರೆಯೇ ಇತ್ತು. ಡ್ರೋನ್ ಮೂಗು ಬಗ್ಗಿಸಿಕೊಂಡು ಎದುರು ಗಾಳಿಗೆ ಒದ್ದಾಡುತ್ತಿತ್ತು, ಸ್ಕ್ರೀನಿನಲ್ಲಿ ದೂರದ ಅಂಕಿ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಪರ್ಸೆಂಟ್ ಇಳಿದುಬಿಡುತ್ತಿತ್ತು. 19ಕ್ಕೆ ಬಂದಾಗ ಎತ್ತರ ಇಳಿಸಿದೆ, ಕೆಳಗೆ ಗಾಳಿ ಕಡಿಮೆಯಾಗಿ ಸ್ವಲ್ಪ ಮುಂದೆ ಬಂತು. ಕೊನೆಗೆ ನನ್ನಿಂದ ಇನ್ನೂರು ಹೆಜ್ಜೆ ಆಚೆ ಉತ್ತ ಮಣ್ಣಿನಲ್ಲಿ ಇಳಿಸಿ, ಓಡಿ ಹೋಗಿ ಎತ್ತಿಕೊಂಡೆ. ಬ್ಯಾಟರಿ ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಆವತ್ತಿನಿಂದ ಗಾಳಿಗೆ ಎದುರಾದ ದೂರದ ಭಾಗವನ್ನೇ ಮೊದಲು ಮುಗಿಸುತ್ತೇನೆ, ವಾಪಸ್ ಬರುವಾಗ ಗಾಳಿ ಬೆನ್ನಿಗಿರುವ ಹಾಗೆ. 30 ಪರ್ಸೆಂಟ್ ಅಂದರೆ ಕೈಗೆ ಬಂದು ಸೇರಿರಬೇಕಾದ ಹೊತ್ತು ಎಂದು ಇಟ್ಟುಕೊಂಡಿದ್ದೇನೆ.

ಬಿಸಿ ಬ್ಯಾಟರಿಯನ್ನು ತಣ್ಣಗಾದ ಮೇಲೆಯೇ ಚಾರ್ಜ್‌ಗೆ ಹಾಕಿ. ಹತ್ತು ದಿನ ಬಳಸುವುದಿಲ್ಲವೆಂದರೆ ಪೂರ್ತಿ ತುಂಬಿಸಿ ಇಡಬೇಡಿ, 40ರಿಂದ 60 ಪರ್ಸೆಂಟ್ ಸಾಕು. ಹೊಟ್ಟೆ ಉಬ್ಬಿದ ಬ್ಯಾಟರಿ ಮತ್ತೆ ಹಾರಾಟಕ್ಕಿಲ್ಲ.

ಕ್ಯಾಮೆರಾ ಬಗ್ಗೆ ಹೆಚ್ಚಿಲ್ಲ. ಶಟರ್ 1/800 ಸೆಕೆಂಡ್ ಅಥವಾ ಇನ್ನೂ ವೇಗ. ಸೆಕೆಂಡಿಗೆ 6 ಮೀಟರ್ ಹೋಗುವಾಗ ಆ ಹೊತ್ತಿನಲ್ಲಿ ಡ್ರೋನ್ ಚಲಿಸುವುದು ಮುಕ್ಕಾಲು ಸೆಂಟಿಮೀಟರ್, ಅಂದರೆ ಒಂದು ಪಿಕ್ಸೆಲ್‌ನ ಅರ್ಧಕ್ಕಿಂತ ಕಡಿಮೆ, ಮಸುಕು ಕಾಣದು. ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕು ಎನ್ನುವ ಐಎಸ್‌ಒ 100-200. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋ ಬಿಡಬೇಡಿ, ಬಿಸಿಲೋ ಮೋಡವೋ ಒಂದಕ್ಕೆ ಕಟ್ಟಿಹಾಕಿ. ಫೋಕಸ್ ಅನ್ನು ಮೇಲೇರಿದ ಮೇಲೆ ದೂರದ್ದಕ್ಕೆ ಹಿಡಿಸಿ ಲಾಕ್ ಮಾಡಿ. ಮೆಕ್ಯಾನಿಕಲ್ ಶಟರ್ ಇಲ್ಲದ ಕ್ಯಾಮೆರಾವಾದರೆ ಹಾರಾಟದ ವೇಗವನ್ನು ಸೆಕೆಂಡಿಗೆ 3-4 ಮೀಟರಿಗೆ ಇಳಿಸಿ. ಸೂರ್ಯ ನೆತ್ತಿಯ ಹತ್ತಿರವಿರುವಾಗ ನೆರಳು ಗಿಡ್ಡ. ತೆಳು ಮೋಡ ಸಮನಾಗಿ ಕವಿದ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಜೋರು ಗಾಳಿಯಲ್ಲಿ ಬೇಡ, ಎಲೆ ಅಲ್ಲಾಡಿದರೆ ಪ್ರತಿ ಫೋಟೋದಲ್ಲೂ ಮರ ಬೇರೆಯಾಗಿ ಕಂಡು ಹೊಲಿಗೆ ಕೂಡುವುದಿಲ್ಲ.

ಡ್ರಿಪ್ ಪೈಪಿನ ಉದ್ದವನ್ನು ನಕ್ಷೆಯಲ್ಲೇ ಅಳೆಯಬಹುದೇ ಎಂದೂ ಕೇಳಿದ್ದಿರಿ. ಅಳೆಯಬಹುದು, ಪರೀಕ್ಷೆ ಮಾಡಿಕೊಂಡ ಮೇಲೆ. ಸಾಮಾನ್ಯ ಡ್ರೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಹಾಗಾಗಿ ನಕ್ಷೆ ಇಡಿಯಾಗಿ ಪಕ್ಕಕ್ಕೆ ಸರಿದಿರಬಹುದು, ಒಳಗಿನ ಉದ್ದಗಳು ಮಾತ್ರ ಬಹುಪಾಲು ಸರಿಯಿರುತ್ತವೆ. ಹಾರಿಸುವ ಮೊದಲು ತೆರೆದ ಜಾಗದಲ್ಲಿ ಮೇಲಿನಿಂದ ಎದ್ದು ಕಾಣುವ ಎರಡು ಹಲಗೆ ಇಟ್ಟು, ನಡುವಿನ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಇಳಿಜಾರಿನಲ್ಲಿ ಬೇಡ, ಸಮತಟ್ಟಿನಲ್ಲಿ ಇಡಿ, ಯಾಕೆಂದರೆ ನಕ್ಷೆ ಅಡ್ಡ ದೂರ ತೋರಿಸುತ್ತದೆ, ಟೇಪು ಇಳಿಜಾರಿನ ಉದ್ದ ತೋರಿಸುತ್ತದೆ. ನಿಮ್ಮ ಪೈಪ್ ಮಲಗುವುದೂ ಇಳಿಜಾರಿನ ಮೇಲೇ, ಅದಕ್ಕೆ ನಕ್ಷೆಯ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಜಮೀನಿನ ಗಡಿ ತೀರ್ಮಾನಕ್ಕೆ ಈ ನಕ್ಷೆ ಹಿಡಿದು ಹೋಗಬೇಡಿ. ಅದಕ್ಕೆ ಸರ್ವೆ ಉಪಕರಣದಿಂದ ಅಳೆದ ಗುರುತುಗಳು ಬೇಕು, ನಾಲ್ಕು ಮೂಲೆ ಮತ್ತು ನಡುವೆ ಸೇರಿ ಐದಾದರೂ. ಜೊತೆಗೆ ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಇಟ್ಟುಕೊಂಡ ಒಂದೆರಡು.

ನೀರಿನ ಹರಿವು ನೋಡಲು ನೆಲದ ಏರಿಳಿತ ತೋರಿಸುವ ಎತ್ತರದ ಮಾದರಿಯೂ ಬೇಕಾದರೆ, ಕ್ಯಾಮೆರಾ ನೇರ ಕೆಳಗೆ ಮಾಡಿದ ಹಾರಾಟದ ಮೇಲೆ ಇನ್ನೊಂದನ್ನು ಅಡ್ಡ ದಿಕ್ಕಿನಲ್ಲಿ, ಕ್ಯಾಮೆರಾವನ್ನು 20-30 ಡಿಗ್ರಿ ಓರೆ ಮಾಡಿ ಹಾರಿಸಿ. ಬರೀ ನೇರ ಕೆಳಗಿನ ಫೋಟೋಗಳಿಂದ ಸಮತಟ್ಟು ನೆಲ ಕೂಡ ನಡುವೆ ಉಬ್ಬಿದಂತೆ ಅಥವಾ ಬಟ್ಟಲಿನಂತೆ ತಗ್ಗಿದಂತೆ ಬರುವುದುಂಟು. ಓರೆ ಫೋಟೋಗಳು ಸೇರಿದರೆ ಆ ತಪ್ಪು ಬಹಳ ಮಟ್ಟಿಗೆ ಹೋಗುತ್ತದೆ.

ಹಾರಾಟ ಮುಗಿದ ಕೂಡಲೇ ಮನೆಗೆ ಹೊರಡಬೇಡಿ. ತೋಟದಲ್ಲೇ ಮೆಮೊರಿ ಕಾರ್ಡ್ ತೆಗೆದು ಫೋಟೋ ಎಣಿಸಿ, 250ರ ಆಸುಪಾಸು ಇದೆಯೇ ನೋಡಿ. ಮೇಲಿನ ಅಂಚಿನ ನಾಲ್ಕೈದನ್ನು ತೆರೆದು ಪೂರ್ತಿ ದೊಡ್ಡದು ಮಾಡಿ, ಎಲೆಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ಗಮನಿಸಿ. ಮಸುಕಾಗಿದ್ದರೆ ಎರಡನೇ ಬ್ಯಾಟರಿಯಲ್ಲಿ ಆ ಭಾಗವನ್ನು ಮಾತ್ರ ಮತ್ತೆ ಹಾರಿಸಿ, ಅದೇ ಎತ್ತರದ ಜಾಗದಿಂದ. ಆಮೇಲೂ ತೂತು ಬಂದರೆ ಆ ಭಾಗದ ಸ್ಕ್ರೀನ್‌ಶಾಟ್, ಜೊತೆಗೆ ಸಾಫ್ಟ್‌ವೇರ್ ಕೊಡುವ ಓವರ್‌ಲ್ಯಾಪ್ ಬಣ್ಣದ ಚಿತ್ರ ಎರಡನ್ನೂ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.