ಗೆಳತಿಗೆ ಕಿಮೋ ನಡೆಯುತ್ತಿದೆ, ನೋಡಲು ಹೋಗುವಾಗ ಏನು ಕೊಂಡೊಯ್ಯಲಿ?

ಕಾಲೇಜು ದಿನಗಳಿಂದ ಜೊತೆಗಿರುವ ಗೆಳತಿಗೆ ಕ್ಯಾನ್ಸರ್, ಮೊದಲ ಕಿಮೋ ಆಗಿದೆ, ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪುತ್ತಿಲ್ಲ ಎಂದಿದ್ದೀರಿ. ಹೂಗುಚ್ಛ, ಘಮಘಮಿಸುವ ಸೋಪು-ಕ್ರೀಮುಗಳ ಗಿಫ್ಟ್ ಬಾಕ್ಸ್, ಕ್ಯಾನ್ಸರ್ ಗೆದ್ದವರ ಕಥೆಯ ಪುಸ್ತಕ, ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ.

ನಾನು ಕಿಮೋ ಕೊಡುವ ಡೇ-ಕೇರ್ ವಾರ್ಡಿನಲ್ಲಿ ನರ್ಸ್. ಮೂರೂ ಬೇಡ ಅನ್ನುತ್ತೇನೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಏನನ್ನೇ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಮನೆಗೆ ಬಂದ ಮೇಲೆ ಆಕೆಗೆ ಏನಾದರೂ ಕೆಲಸ ಹಚ್ಚುತ್ತದೆಯೇ? ನೀರು ಬದಲಿಸಬೇಕೇ, ಜಾಗ ಹುಡುಕಬೇಕೇ, ಓದಿ ಅಭಿಪ್ರಾಯ ಹೇಳಬೇಕೇ, ಸುಸ್ತಿನಲ್ಲೂ ನಗುತ್ತಾ ಥ್ಯಾಂಕ್ಸ್ ಹೇಳಬೇಕೇ? ಹೌದು ಅನ್ನಿಸಿದರೆ ಅದನ್ನು ಬಿಟ್ಟುಬಿಡಿ.

ಹೂವಿಗೆ ಇನ್ನೊಂದು ಕಾರಣವೂ ಇದೆ. ಕಿಮೋ ಔಷಧ ಕ್ಯಾನ್ಸರ್ ಕೋಶಗಳ ಜೊತೆಗೆ ಮೂಳೆಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳನ್ನೂ ಹೊಡೆಯುತ್ತದೆ. ಔಷಧ ಮೈಗೆ ಹೋದ ಮೇಲೆ ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ಕೌಂಟ್, ಅಂದರೆ ಈ ಕಣಗಳ ಸಂಖ್ಯೆ, ತೀರಾ ಇಳಿದಿರುತ್ತದೆ. ಆ ದಿನಗಳಲ್ಲಿ ಹೂದಾನಿಯ ನಿಂತ ನೀರಿನ ಬ್ಯಾಕ್ಟೀರಿಯಾ, ಕುಂಡದ ಮಣ್ಣಿನಲ್ಲಿರುವ ಆಸ್ಪರ್ಜಿಲಸ್‌ನಂಥ ಬೂಷ್ಟು ನಿಮಗೆ ನನಗೆ ಏನೂ ಮಾಡದಿದ್ದರೂ ಆಕೆಗೆ ಸೋಂಕು ತರಬಹುದು. ಐಸಿಯು, ಮಜ್ಜೆ ಕಸಿ ವಾರ್ಡುಗಳಲ್ಲಿ ಹೂವನ್ನು ಬಾಗಿಲಲ್ಲೇ ತಡೆಯುವುದು ಇದಕ್ಕೇ.

ಇನ್ನು ವಾಸನೆ. ಆರೋಗ್ಯವಾಗಿರುವವರಿಗೆ ಇದು ಊಹೆಗೆ ಸಿಗುವುದಿಲ್ಲ. ವರ್ಷಗಟ್ಟಲೆ ಇಷ್ಟಪಟ್ಟು ಹಾಕಿಕೊಂಡ ಸೆಂಟು ಕಿಮೋ ಶುರುವಾದ ಮೇಲೆ ಹೊಟ್ಟೆ ತೊಳಸುತ್ತದೆ. ಆಸ್ಪತ್ರೆಯ ಸ್ಯಾನಿಟೈಸರ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಡ್ರಿಪ್ ಹಾಕುವ ಮುಂಚೆಯೇ ವಾಂತಿ ಮಾಡಿಕೊಳ್ಳುವವರನ್ನು ನಾನು ದಿನವೂ ನೋಡುತ್ತೇನೆ. ಆದ್ದರಿಂದ ಲೋಷನ್, ಲಿಪ್ ಬಾಮ್ ಕೊಡುವುದಾದರೆ ಸುಗಂಧ ಸೇರಿಸದ್ದನ್ನೇ ಕೊಡಿ. ಚರ್ಮ, ತುಟಿ ಎರಡೂ ಒಣಗಿ ಬಿರಿಯುವುದರಿಂದ ಅವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ರೇಡಿಯೇಷನ್ ನಡೆಯುತ್ತಿದ್ದರೆ ಮಾತ್ರ ಆ ಜಾಗಕ್ಕೆ ಡಾಕ್ಟರನ್ನು ಕೇಳದೆ ಏನೂ ಹಚ್ಚುವ ಹಾಗಿಲ್ಲ. ನೀವು ಹೋಗುವ ದಿನ ನೀವೂ ಸೆಂಟು ಹಾಕಿಕೊಳ್ಳಬೇಡಿ.

ಗೆದ್ದವರ ಕಥೆಯ ಪುಸ್ತಕವನ್ನು ಒಳ್ಳೆಯ ಮನಸ್ಸಿನಿಂದಲೇ ಆರಿಸಿದ್ದೀರಿ, ಗೊತ್ತು. ಆದರೆ ಅದು 'ನೀನೂ ಹೀಗೇ ಗಟ್ಟಿಯಾಗಿರಬೇಕು' ಎಂದು ತಲೆದಿಂಬಿನ ಪಕ್ಕ ಕೂತು ಹೇಳುತ್ತಲೇ ಇರುತ್ತದೆ. ಅಳು ಬಂದ ರಾತ್ರಿ ಅದು ಕಣ್ಣಿಗೆ ಬೀಳುವುದೇ ಬೇಡ. ಜೊತೆಗೆ ಕಿಮೋ ಸಮಯದಲ್ಲಿ ತುಂಬಾ ಜನರಿಗೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಓದಿದ ಪುಟವನ್ನೇ ಮತ್ತೆ ಓದುತ್ತಾರೆ. ಕೇಳುವ ಪುಸ್ತಕ, ಚಿಕ್ಕ ಕಥೆಗಳು, ಚಿತ್ರಗಳು ಆದೀತು, ಅದೂ ಆಕೆಗೆ ಮೊದಲಿನಿಂದ ಇಷ್ಟವಾದ ವಿಷಯದ್ದು. ಪತ್ತೇದಾರಿ ಕಥೆಯ ಹುಚ್ಚಿದ್ದರೆ ಪತ್ತೇದಾರಿಯೇ ಇರಲಿ.

ಹಾಗಾದರೆ ಏನು ಕೊಡುವುದು? ನಮ್ಮ ವಾರ್ಡಿನಲ್ಲಿ ಎಲ್ಲರೂ ಕಣ್ಣು ಹಾಕುವ ವಸ್ತು ಉದ್ದನೆಯ ಚಾರ್ಜರ್ ವೈರ್. ಪ್ಲಗ್ ಇರುವುದು ಹಾಸಿಗೆಯ ಹಿಂದೆ, ಕೈಯಲ್ಲಿ ಸೂಜಿ, ಮಾಮೂಲಿ ವೈರು ಅಲ್ಲಿಂದ ಎಟಕುವುದಿಲ್ಲ. ಎರಡು ಮೀಟರಿನ ವೈರ್ ಜೊತೆ ಒಂದು ಇಯರ್‌ಫೋನ್ ಕೊಟ್ಟು ನೋಡಿ. ಮೆತ್ತನೆ ಎಳೆಯ ಹಲ್ಲುಜ್ಜುವ ಬ್ರಷ್ ಕೂಡ ಒಳ್ಳೆಯದು, ಬಾಯಿ ಹುಣ್ಣಾದಾಗ ಮಾಮೂಲಿ ಬ್ರಷ್ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಕೆಲವು ಔಷಧಗಳಲ್ಲಿ ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರುವಾಗುತ್ತದೆ, ಎಲ್ಲಾ ಔಷಧಗಳಲ್ಲೂ ಅಲ್ಲ. ಆಕೆಯೇ ಆ ಮಾತು ಎತ್ತಿದರೆ ಒಳಗೆ ಹೊಲಿಗೆ ಒತ್ತದ ಹತ್ತಿಯ ಟೋಪಿ ಕೊಡಬಹುದು, ನೀವಾಗಿ ಮೊದಲೇ ಒಯ್ಯಬೇಡಿ. ಆಕ್ಸಾಲಿಪ್ಲಾಟಿನ್ ಎಂಬ ಔಷಧ ನಡೆಯುತ್ತಿದ್ದರೆ ತಣ್ಣನೆಯ ಲೋಟ ಮುಟ್ಟಿದರೂ ಬೆರಳಲ್ಲಿ ಸೂಜಿ ಚುಚ್ಚಿದಂತಾಗುತ್ತದೆ, ಅವರಿಗೆ ತೆಳ್ಳನೆ ಕೈಗವಸು ದೊಡ್ಡ ಉಪಕಾರ.

ನಾನು ಕಂಡ ಉಡುಗೊರೆಗಳಲ್ಲಿ ಇವತ್ತಿಗೂ ಮನಸ್ಸಲ್ಲಿ ಉಳಿದಿರುವುದು ಒಂದು ಹಳೇ ಶರ್ಟು. ಒಬ್ಬ ಹಿರಿಯರಿಗೆ ಔಷಧದಿಂದ ಬೆರಳುಗಳು ಜೋಮು ಹಿಡಿದು ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಪ್ರತಿ ಸಲ ಹೆಂಡತಿ ಹಾಕಬೇಕು, ಅವರಿಗೆ ಅದೇ ಸಂಕೋಚ. ಅವರ ಸ್ನೇಹಿತರೊಬ್ಬರು ಮನೆಯಿಂದ ಅವರ ಇಷ್ಟದ ಶರ್ಟನ್ನೇ ಕೇಳಿ ತೆಗೆದುಕೊಂಡು ಹೋಗಿ, ಪಟ್ಟಿಯ ಒಳಗೆ ವೆಲ್ಕ್ರೋ ಹೊಲಿಸಿ, ಕಾಜಾದ ಮೇಲೆ ಹಳೆಯ ಗುಂಡಿಗಳನ್ನೇ ಕೂರಿಸಿ ತಂದರು. ನೋಡಿದರೆ ಅದೇ ಶರ್ಟು, ಎಳೆದರೆ ಬಿಚ್ಚುತ್ತದೆ, ಒತ್ತಿದರೆ ಮುಚ್ಚುತ್ತದೆ. ಎದೆಯಲ್ಲಿ ಪೋರ್ಟ್ (ಔಷಧ ಹಾಕಲು ಚರ್ಮದ ಕೆಳಗೆ ಕೂರಿಸುವ ಪುಟ್ಟ ಸಾಧನ) ಇದ್ದುದರಿಂದ ಮುಂದಿನಿಂದ ತೆರೆಯುವ ಬಟ್ಟೆಯೇ ನಮಗೂ ಬೇಕಿತ್ತು. ಅವತ್ತು ಅವರೇ ಎದ್ದು ಕೂತು ಶರ್ಟು ಹಾಕಿಕೊಂಡರು. ಸ್ನೇಹಿತರು ಕಿಟಕಿ ಕಡೆ ತಿರುಗಿ ನಿಂತಿದ್ದರು.

ಇನ್ನೊಬ್ಬಾಕೆಗೆ ಆಫೀಸಿನ ಗೆಳತಿ ಪ್ರತಿ ಕಿಮೋ ದಿನ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಕಾಯಿಲೆಯ ಮಾತು ಒಂದೂ ಇಲ್ಲ. ಯಾರ ಕುರ್ಚಿ ಮುರಿಯಿತು, ಲಿಫ್ಟಿನಲ್ಲಿ ಯಾರು ಸಿಕ್ಕಿಹಾಕಿಕೊಂಡರು, ಇಂಥದ್ದೇ. ಕೊನೆಯಲ್ಲಿ 'ಉತ್ತರ ಹಾಕಬೇಡ ಕಣೇ, ಮಲಕ್ಕೋ' ಅನ್ನುತ್ತಿದ್ದಳು. ಡ್ರಿಪ್ ಹತ್ತಿದ ಕೂಡಲೇ ಆಕೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ನಗುವುದನ್ನು ನಾವೆಲ್ಲ ಕಾಯುತ್ತಿದ್ದೆವು. ಕಾಲೇಜಿನಿಂದ ಜೊತೆಗಿರುವ ನಿಮ್ಮ ಹತ್ತಿರ ಇಂಥ ಕಥೆಗಳಿಗೇನು ಕಮ್ಮಿ?

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಗಿಡಮೂಲಿಕೆ ಪುಡಿ, ಕಷಾಯ, 'ಶಕ್ತಿ ಬರುತ್ತದೆ' ಎಂಬ ಕ್ಯಾಪ್ಸೂಲ್, ಇವನ್ನು ಪ್ರೀತಿಯಿಂದಲೂ ಕೊಡಬೇಡಿ. ಮನಸ್ಸು ಹಗುರಾಗಲಿ ಎಂದು ಜನ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇರಿನೊಟೆಕಾನ್ ಎಂಬ ಕಿಮೋ ಔಷಧದ ಬಲವನ್ನೇ ತಗ್ಗಿಸುತ್ತದೆ. ನೀವು ಕೊಟ್ಟಿದ್ದು ಎಂಬ ದಾಕ್ಷಿಣ್ಯಕ್ಕೆ ಆಕೆ ಡಾಕ್ಟರಿಗೆ ಹೇಳದೆ ಕುಡಿದುಬಿಡಬಹುದು. ಆ ಭಯ ನಮಗೆ ಯಾವಾಗಲೂ ಇರುತ್ತದೆ.

ಬೇರೆ ಕಾಯಿಲೆಯವರ ಬಗ್ಗೆ ಇದೇ ಪ್ರಶ್ನೆ ಇಟ್ಟುಕೊಂಡು ಇಲ್ಲಿಗೆ ಬಂದವರಿಗೂ ಎರಡು ಮಾತು. ಡಯಾಲಿಸಿಸ್‌ನಲ್ಲಿರುವವರಿಗೆ ಹಣ್ಣಿನ ಬುಟ್ಟಿ ಬೇಡ, ಬಾಳೆ, ಕಿತ್ತಳೆಯ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೆ ವಾಚು, ಬಿಗಿ ಬಳೆ ಕೂಡದು. ವಾರಕ್ಕೆ ಸಾಮಾನ್ಯವಾಗಿ 3 ಸಲ, ಸುಮಾರು 4 ಗಂಟೆ ಮೆಷಿನ್ ಪಕ್ಕ ಮಲಗುವಾಗ ಚಳಿ ಹಿಡಿಯುವುದರಿಂದ ಹಗುರಾದ ಹೊದಿಕೆ ಕೊಡಿ. ಆಕ್ಸಿಜನ್ ಹಾಕಿಕೊಂಡಿರುವವರ ಮನೆಗೆ ಮೇಣದಬತ್ತಿ ಒಯ್ಯಬೇಡಿ, ಬೆಂಕಿಯ ಅಪಾಯ.

ವಸ್ತುವೇ ಆಗಬೇಕೆಂದಿಲ್ಲ ಅನ್ನುವುದು ನಿಮಗೂ ಹೊಳೆದಿರುತ್ತದೆ. ಆದರೆ 'ಏನು ಬೇಕಾದರೂ ಕೇಳು' ಅನ್ನಬೇಡಿ, ಯಾರೂ ಕೇಳುವುದಿಲ್ಲ. ಏನು ಬೇಕೆಂದು ಯೋಚಿಸಿ ಹೇಳುವ ಕೆಲಸವೂ ಮತ್ತೆ ಆಕೆಯ ತಲೆಗೇ ಬೀಳುತ್ತದೆ. 'ಗುರುವಾರ ಮಕ್ಕಳನ್ನು ಸ್ಕೂಲಿನಿಂದ ನಾನು ಕರೆದುಕೊಂಡು ಬರುತ್ತೇನೆ' ಎಂದು ದಿನ, ಕೆಲಸ ಎರಡನ್ನೂ ನೀವೇ ಹೇಳಿ. ಜೊತೆಗಿದ್ದು ನೋಡಿಕೊಳ್ಳುವವರನ್ನು ಮರೆಯಬೇಡಿ. ಮರದ ಕುರ್ಚಿಯಲ್ಲಿ ಇಡೀ ದಿನ ಕೂತ ಗಂಡನಿಗೋ ಅಮ್ಮನಿಗೋ ನೀವು ಒಂದು ಮಧ್ಯಾಹ್ನ ಬಿಡುವು ಕೊಟ್ಟರೆ ಆಕೆಗೆ ಆಗುವ ಸಮಾಧಾನ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಮತ್ತೆ, ಮೊದಲ ತಿಂಗಳು ಎಲ್ಲರೂ ಬರುತ್ತಾರೆ. ಮೂರು, ನಾಲ್ಕನೇ ತಿಂಗಳ ಹೊತ್ತಿಗೆ ಫೋನೂ ನಿಂತಿರುತ್ತದೆ, ದೇಹ ಸೋತಿರುವುದು ಆಗಲೇ. ಈಗಲೇ ಆ ತಿಂಗಳಲ್ಲಿ ಒಂದು ದಿನವನ್ನು ಗುರುತು ಹಾಕಿಕೊಳ್ಳಿ.

ಭೇಟಿಗೆ ಒಳ್ಳೆಯ ಸಮಯ ಸಾಮಾನ್ಯವಾಗಿ ಮುಂದಿನ ಕಿಮೋಗೆ ಎರಡು ಮೂರು ದಿನ ಮೊದಲು, ಅಷ್ಟರಲ್ಲಿ ವಾಕರಿಕೆ ಇಳಿದು ಕೌಂಟ್ ಏರಿರುತ್ತದೆ. ನಿಮಗೆ ನೆಗಡಿ, ಕೆಮ್ಮು, ಗಂಟಲು ಕೆರೆತ ಏನಿದ್ದರೂ ಹೋಗಬೇಡಿ. ಹೊರಡುವ ಮುಂಚೆ ಹೀಗೆ ಮೆಸೇಜ್ ಹಾಕಿ: 'ಶನಿವಾರ ನಾಲ್ಕಕ್ಕೆ ಬರಲಾ? ಅರ್ಧ ಗಂಟೆ ಕೂತು ಹೊರಡ್ತೀನಿ. ಅವತ್ತು ಬೆಳಗ್ಗೆ ಬೇಡ ಅನ್ನಿಸಿದ್ರೆ ಬೇಡ ಅಂತ ಅಷ್ಟೇ ಹಾಕು, ಕಾರಣ ಹೇಳಬೇಡ.'