ನೆಟ್‌ವರ್ಕ್ ಪ್ರೋಗ್ರಾಮಿಂಗ್ ಎಲ್ಲಿಂದ ಶುರು ಮಾಡಲಿ? ಮಂಡ್ಯದಲ್ಲಿ ಇಂಜಿನಿಯರಿಂಗ್ ಓದ್ತಿದ್ದೇನೆ, ಪೈಥಾನ್ ಬರುತ್ತೆ

ಫ್ರೇಮ್‌ವರ್ಕ್ ಸದ್ಯಕ್ಕೆ ಬೇಡ. ಪೈಥಾನ್ ಜೊತೆಗೇ ಬರುವ ಸಾಕೆಟ್ ಮಾಡ್ಯೂಲ್ (ಎರಡು ಪ್ರೋಗ್ರಾಂಗಳು ನೆಟ್‌ವರ್ಕ್ ಮೇಲೆ ಮಾತಾಡೋಕೆ ಬೇಕಾದ ಕೋಡ್) ಸಾಕು. ಒಂದು ಲ್ಯಾಪ್‌ಟಾಪಿನಲ್ಲಿ ಸರ್ವರ್ (ಉತ್ತರ ಕೊಡುವ ಪ್ರೋಗ್ರಾಂ), ಗೆಳೆಯರದ್ದರಲ್ಲಿ ಕ್ಲೈಂಟ್ (ಕೇಳುವ ಪ್ರೋಗ್ರಾಂ) ಓಡಿಸಿ. ಹಾಸ್ಟೆಲ್ ವೈಫೈ ಬಿಡದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ.

ಜಾಸ್ತಿ ಜನ ಎಡವುವುದು ಇಲ್ಲಿ: ಡೇಟಾ ಸಾಗಿಸುವ ನಿಯಮವಾದ ಟಿಸಿಪಿಗೆ ಮೆಸೇಜ್ ಅನ್ನೋದೇ ಗೊತ್ತಿಲ್ಲ, ಬರೀ ಬೈಟ್‌ಗಳ ಹರಿವು. ‘ಮಂಡ್ಯ’ ಅಂದರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) 15 ಬೈಟ್. ಆ ಕಡೆ ಒಮ್ಮೆಗೆ 7 ಮಾತ್ರ ಬಂದರೆ ಅಕ್ಷರವೇ ತುಂಡಾಗಿ, ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡುವಾಗ ಡಿಕೋಡ್ ಎರರ್ ಬರುತ್ತದೆ. ಅದಕ್ಕೇ ಮೊದಲು ಮೆಸೇಜ್ ಎಷ್ಟು ಬೈಟ್ ಉದ್ದ ಅಂತ ಕಳಿಸಿ, ಅಷ್ಟೂ ಸಿಗುವವರೆಗೆ ಓದುತ್ತಿರಿ.

ಆಮೇಲೆ ಮಧ್ಯದಲ್ಲಿ ವೈಫೈ ಆಫ್ ಮಾಡಿ ನೋಡಿ. ಉತ್ತರ ಬರಲಿಲ್ಲ ಅಂದರೆ ಸರ್ವರ್ ಕೆಲಸ ಮಾಡಿಲ್ಲ ಅಂತಲ್ಲ, ಅಲ್ವಾ? ಅದು ಟಿಕೆಟ್ ಬುಕ್ ಮಾಡುವ ಸರ್ವರ್ ಆಗಿದ್ದು, ಕೋರಿಕೆಯನ್ನು ಸುಮ್ನೆ ಮತ್ತೆ ಕಳಿಸಿದರೆ ಮೈಸೂರು ಬಸ್ಸಿಗೆ ಎರಡು ಟಿಕೆಟ್ ಬುಕ್ ಆಗಬಹುದು. ಪ್ರತಿ ಕೋರಿಕೆಗೂ ಒಂದು ಐಡಿ ಕೊಡಿ. ಅದೇ ಐಡಿ ಮತ್ತೆ ಬಂದರೆ ಸರ್ವರ್ ಹಳೇ ಉತ್ತರವನ್ನೇ ಕೊಡಲಿ.