ಹಿಯರಿಂಗ್ ಇಲ್ಲ ಅಂತ ಬೇಜಾರಾ? ನಂಗಂತೂ ಖುಷಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಓದುಗರೊಬ್ಬರ ಪತ್ರ ಬಂದಿದೆ. ಉದ್ದ ಇದೆ, ಸಾರ ಇಷ್ಟು: "22 ವರ್ಷದಿಂದ ಇಲ್ಲಿದೀವಿ. ನಮ್ಮ ಬೀದಿ ಕೊನೇಲಿರೋ ಚರ್ಚ್ ಪಾರ್ಕಿಂಗ್ ಜಾಗದಲ್ಲಿ ಕಡಿಮೆ ಬಾಡಿಗೆ ಫ್ಲ್ಯಾಟ್ ಕಟ್ತಾರಂತೆ. ಸಿಟಿ ಆಫೀಸಲ್ಲಿ ಕೇಳಿದ್ರೆ ಹೊಸ ಕಾಯ್ದೆ ಪ್ರಕಾರ ಇದಕ್ಕೆ ಪಬ್ಲಿಕ್ ಹಿಯರಿಂಗೇ (ಊರಿನವರ ಅಹವಾಲು ಕೇಳೋ ಸಭೆ) ಇಲ್ಲ ಅಂದ್ರು. ಸಾಲ ಮಾಡಿ ಮನೆ ತಗೊಂಡವರ ಮಾತಿಗೆ ಬೆಲೆ ಇಲ್ವಾ? ಇದೇನಾ ಡೆಮಾಕ್ರಸಿ? ನೀವು ಬರೀಲೇಬೇಕು." ಕೊನೇಲಿ ಇನ್ನೊಂದು ಸಾಲು, ಅಮ್ಮನ್ನ ನೋಡ್ಕೊಳ್ಳೋ ಆಯಾ ಎರಡು ಬಸ್ ಬದಲಾಯಿಸಿ ಬರ್ತಾಳೆ, ದಿನಾ ಲೇಟು ಅಂತ.

ಮೇಡಂ, ಬರೀರಿ ಅಂದ್ರಿ, ಬರೀತಿದೀನಿ. ನೀವು ಅಂದ್ಕೊಂಡಿದ್ದನ್ನಲ್ಲ ಅಷ್ಟೇ.

ನಿಮ್ಮ ಸಿಟ್ಟು ಪೂರ್ತಿ ತಪ್ಪು ಅನ್ನಲ್ಲ. 1950-60ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್‌ನಲ್ಲಿ ಕಪ್ಪು ಜನರ ಮನೆ ಅಂಗಡಿಗಳನ್ನ ಅಭಿವೃದ್ಧಿ ಅಂತ ಹೆಸರಿಟ್ಟು ನೆಲಸಮ ಮಾಡಿದ್ರಲ್ಲ, ಅಂಥದ್ದನ್ನೆಲ್ಲ ಕಂಡೇ ಜನ 'ನಮ್ಮನ್ನ ಕೇಳಿ' ಅಂತ ಹಟ ಹಿಡಿದಿದ್ದು. ಅದು ಸರಿ. ಆದ್ರೆ ಆ ಮೈಕು ಈಗ ಯಾರ ಕೈಲಿದೆ ಅಂತ ಒಂದ್ಸಲ ನೋಡಿದೀರಾ?

ನಾನು ನೋಡಿದೀನಿ. ಮಗಳ ಮನೆಗೆ ಹೋಗಿದ್ದಾಗ ಅಲ್ಲೇ ಹತ್ರದ ಒಂದೂರಿನ (ಹೆಸರು ಬೇಡ) ಹಿಯರಿಂಗಿಗೆ ಸುಮ್ನೆ ಹೋಗಿ ಕೂತೆ. ಮೈಕಿನ ಪಕ್ಕ ಪುಟ್ಟ ದೀಪ, ಹಸಿರು ಹಳದಿ ಕೆಂಪು, ತಲಾ ಮೂರು ನಿಮಿಷ ಅಂದವರು ಕ್ಯೂ ನೋಡಿ ಎರಡು ಮಾಡಿದ್ರು ಆಮೇಲೆ ಒಂದು, ಎದ್ದವರೆಲ್ಲ 'ಬಡವರಿಗೆ ಮನೆ ಬೇಕು, ನಾನೂ ಒಪ್ತೀನಿ, ಆದ್ರೆ...' ಅಂತಲೇ ಶುರು. ಅಜೆಂಡಾ ಹಾಳೆ ಹಿಂದೆ ಆ 'ಆದ್ರೆ'ಗಳಿಗೆ ಗೀಟು ಹಾಕ್ತಾ ಕೂತೆ, 31 ಆದ್ಮೇಲೆ ಬಿಟ್ಟೆ. ಟ್ರಾಫಿಕ್ಕು, ನೆರಳು, ಸ್ಕೂಲು, ಒಂದು ಓಕ್ ಮರ. ಸ್ವೆಟರ್ ಹಾಕಿದ್ದ ನಮ್ಮೋರೊಬ್ರು ಪ್ರಿಂಟ್ ತಗೊಂಡು ಬಂದು ಬಡಾವಣೆಯ 'ಕ್ಯಾರೆಕ್ಟರ್' ಬಗ್ಗೆ ಓದಿದ್ರು. ಹೊರಗೆ ಕಾರ್ ಹತ್ರ ನಾನು ಕನ್ನಡದಲ್ಲಿ ಮಾತಾಡ್ಸಿದ್ದೇ ತಡ, ಬಸವನಗುಡಿ ಸಾರ್ ನಮ್ದು ಅಂತ ಕೈ ಹಿಡ್ಕೊಂಡ್ರು. ಮಗ ಟೀಚರಂತೆ, ಸ್ಕೂಲು ಇದೇ ಊರಲ್ಲಿ, ಮನೆ ಮಾತ್ರ ಬೆಟ್ಟದ ಆಚೆ ಟ್ರೇಸಿಲಿ. "ಇಲ್ಲೆಲ್ಲಿ ಸಾರ್ ಆಗುತ್ತೆ ಅವನ ಸಂಬಳಕ್ಕೆ, ಪಾಪ ಬೆಳಗ್ಗೆ ಐದಕ್ಕೇ ಹೊರಡ್ತಾನೆ." ಒಳಗೆ ಓದಿದ ಹಾಳೆ ಇನ್ನೂ ಕೈಲೇ ಇತ್ತು ಅವರ್ದು.

ಇದು ನಾನು ಕಂಡ ಒಂದೂರಿನ ಕಥೆ ಅಂದ್ಕೋಬೇಡಿ. ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಮ್ಯಾಸಚೂಸೆಟ್ಸ್‌ನ 97 ಊರುಗಳ ಇಂಥ ಮೀಟಿಂಗ್ ನಡಾವಳಿ ಕೂತ್ಕೊಂಡು ಓದಿದಾರೆ. ಮಾತಾಡಿದೋರಲ್ಲಿ ಮನೆ ಕಟ್ಲಿ ಅಂದವರು ಶೇ. 15ರಷ್ಟು. ಬಂದವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆಯವರೇ ಊರಿನ ಲೆಕ್ಕಕ್ಕಿಂತ ಜಾಸ್ತಿ. ಅದೇ ರಾಜ್ಯದಲ್ಲಿ 2010ರಲ್ಲಿ ಕಡಿಮೆ ಬೆಲೆ ಮನೆಗಳ ಕಾಯ್ದೆ ತೆಗೆದುಹಾಕೋಣ್ವಾ ಅಂತ ಮತಕ್ಕೆ ಹಾಕಿದ್ರೆ ಹೆಚ್ಚು ಜನ ಇರ್ಲಿ ಬಿಡಿ ಅಂದಿದ್ರು. ಅಂದ್ರೆ ಹಾಲ್‌ನಲ್ಲಿ ಕೂತವರೇ ಬೇರೆ, ಊರೇ ಬೇರೆ. ಆ ಫ್ಲ್ಯಾಟಲ್ಲಿ ನಾಳೆ ಇರಬೇಕಾದವರಂತೂ ಇನ್ನೂ ಆ ಊರಿಗೇ ಬಂದಿಲ್ಲ, ಅವರನ್ನ ಮೈಕಿಗೆ ಕರೆಯೋರ್ಯಾರು?

ಬೇಲಿ ಹಾಕೋ ಬುದ್ಧಿ ನಿಮ್ಮ ಕ್ಯಾಲಿಫೋರ್ನಿಯಾದಲ್ಲೂ ಹಳೇದು. 1916ರಲ್ಲೇ ಬರ್ಕ್‌ಲಿಯ ಎಲ್ಮ್‌ವುಡ್ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದೇ ಮನೆ ಅಂತ ಕಾನೂನು ಮಾಡಿದ್ರು. ಮರುವರ್ಷ ಸುಪ್ರೀಂ ಕೋರ್ಟು ಬಣ್ಣ ನೋಡಿ ಬಡಾವಣೆ ಹಂಚಬಾರದು ಅಂತು, ಆಗಿಂದ ಬೇಡದವರನ್ನ ಹೊರಗಿಡೋ ಕೆಲಸಕ್ಕೆ ಸೈಟಿನ ಅಳತೆ ಬಂತು. 1950ರಲ್ಲಿ ಕ್ಯಾಲಿಫೋರ್ನಿಯಾ ಸಂವಿಧಾನಕ್ಕೇ 34ನೇ ವಿಧಿ ಸೇರಿಸಿ, ಸರ್ಕಾರ ಬಡವರಿಗೆ ಬಾಡಿಗೆ ಮನೆ ಕಟ್ಟೋ ಮುಂಚೆ ಊರಿನವರ ಮತ ಕೇಳಬೇಕು ಅಂದ್ರು. ಬಂಗಲೆ ಕಟ್ಟೋಕೆ ಯಾರ ಮತ ಬೇಕಿತ್ತು ಹೇಳಿ? 1974, 1980, 1993, ಮೂರು ಸಲ ಅದನ್ನ ತೆಗೆಯೋಕೆ ನೋಡಿ ಮೂರು ಸಲಾನೂ ಸೋತ್ರು. ಅಂದಹಾಗೆ 1978ರ ಪ್ರಪೊಸಿಷನ್ 13 ಅನ್ನೋ ಜನಮತದ ಕಾನೂನಿನ ದಯೆಯಿಂದ ನಿಮ್ಮ ಮನೆ ತೆರಿಗೆಯ ಲೆಕ್ಕ ನೀವು ಕೊಂಡಾಗಿನ ಬೆಲೆ ಮೇಲೆ, ವರ್ಷಕ್ಕೆ ಹೆಚ್ಚಂದ್ರೆ ಶೇ. 2 ಏರುತ್ತೆ. ಪಕ್ಕದ ಮನೆಗೆ ನಿನ್ನೆ ಬಂದವರ ಬಿಲ್ ಒಂದ್ಸಲ ಕೇಳಿ ನೋಡಿ, ನಿಮ್ಮ ಮಾತಿಗೆ ಬೆಲೆ ಇದೆಯೋ ಇಲ್ವೋ ಗೊತ್ತಾಗುತ್ತೆ!

ಇನ್ನು ವುಡ್‌ಸೈಡ್ ಕಥೆ ಹೇಳದಿದ್ರೆ ನಂಗೆ ನಿದ್ದೆ ಬರಲ್ಲ. 2022ರಲ್ಲಿ ಒಂದು ಸೈಟಲ್ಲಿ ಎರಡು ಮನೆ ಕಟ್ಟಬಹುದು ಅಂತ ರಾಜ್ಯದ ಕಾಯ್ದೆ ಜಾರಿಗೆ ಬಂತು, ಆ ಶ್ರೀಮಂತರ ಊರು ಏನ್ ಮಾಡ್ತು ಗೊತ್ತಾ, ನಮ್ಮ ಇಡೀ ಊರೇ ಪರ್ವತ ಸಿಂಹದ ಆವಾಸಸ್ಥಾನ, ಇಲ್ಲಿ ಕಟ್ಟಂಗಿಲ್ಲ ಅಂತು. ರಾಜ್ಯದ ಅಟಾರ್ನಿ ಜನರಲ್ ಗದರಿದ ಮೇಲೆ ವಾಪಸ್ ತಗೊಂಡ್ರು. ಬಂಗಲೆ ಎದ್ದಾಗ ಬರದ ಸಿಂಹ ಔಟ್‌ಹೌಸ್ ಅಂದಾಗ ಬಂತು. ನಮ್ಮ ಬನ್ನೇರುಘಟ್ಟ ರೋಡಲ್ಲಿ ಚಿರತೆ ನಿಜವಾಗ್ಲೂ ಓಡಾಡುತ್ತೆ, ಒಂದು ಲೇಔಟ್ ನಿಂತಿದ್ದು ನಾನು ಕಾಣೆ.

ಇಂಥದ್ದೆಲ್ಲ ನೋಡಿ ಸಾಕಾಗಿಯೇ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ 2017ರಲ್ಲಿ ಎಸ್‌ಬಿ 35 ಅನ್ನೋ ಕಾಯ್ದೆ ಮಾಡಿದ್ದು. ಮನೆ ಕಟ್ಟೋ ಗುರಿ ಮುಟ್ಟದ ಊರಲ್ಲಿ ನಿಯಮಕ್ಕೆ ಸರಿ ಇದ್ರೆ ಸಾಕು, ಹಿಯರಿಂಗ್ ಇಲ್ಲದೇ ಪರ್ಮಿಟ್ಟು. ಕುಪರ್ಟಿನೋದ ವ್ಯಾಲ್ಕೊ ಮಾಲ್ ಜಾಗ ನಿಮಗೆ ಗೊತ್ತೇ ಇರುತ್ತೆ. 2016ರಲ್ಲಿ ಅದರ ಮೇಲೆ ಎರಡೆರಡು ಮತದಾನ ನಡೆಸಿ ಎರಡನ್ನೂ ಸೋಲಿಸಿದ್ರು, 2018ರಲ್ಲಿ ಈ ಕಾಯ್ದೆಯಡಿ 2,402 ಮನೆಗೆ ಒಪ್ಪಿಗೆ ಸಿಕ್ತು, ಅರ್ಧ ಕಡಿಮೆ ಬಾಡಿಗೆಯವು, ಕೋರ್ಟಿಗೂ ಹೋದ್ರು, ಕೋರ್ಟೂ ಸರಿ ಅಂತು. ಆದ್ರೂ ವರ್ಷಗಟ್ಟಲೆ ಖಾಲಿ ಮಣ್ಣು, ಕಾಯ್ದೆ ಒಂದರಿಂದಲೇ ಗೋಡೆ ಏಳಲ್ಲ ಅನ್ನೋದೂ ನಿಜ. ನಿಮ್ಮ ಚರ್ಚ್ ವಿಷಯ ಬಹುಶಃ 2023ರ ಎಸ್‌ಬಿ 4 ಇರಬೇಕು, ಧಾರ್ಮಿಕ ಸಂಸ್ಥೆಗಳು ತಮ್ಮ ಜಾಗದಲ್ಲಿ ಕಡಿಮೆ ವರಮಾನದವರಿಗೆ ಮನೆ ಕಟ್ಟಬಹುದು ಅಂತ.

ಮೆಜೆಸ್ಟಿಕ್‌ನಲ್ಲಿ ನೋಡಿದೀರಲ್ಲ, ಫುಟ್‌ಬೋರ್ಡಲ್ಲಿ ನೇತಾಡ್ತಿರೋವಾಗ "ಒಳಗೆ ಹೋಗ್ರೀ, ಜಾಗ ಇದೆ", ಕಾಲು ಒಳಗಿಟ್ಟ ಮೇಲೆ "ರೈಟ್ ರೈಟ್". ಆ ಬುದ್ಧಿನ ನಾವು ವೀಸಾ ಜೊತೆಗೇ ಪ್ಯಾಕ್ ಮಾಡ್ಕೊಂಡು ಹೋಗಿದೀವಿ. ಇಲ್ಲಿ ಇರೋರೇನು ಕಮ್ಮಿ ಇಲ್ಲ. ಟು-ಲೆಟ್ ಬೋರ್ಡಲ್ಲಿ 'ವೆಜ್ ಓನ್ಲಿ', ಮನೆಗೆಲಸದವರಿಗೆ ಬೇರೆ ಲಿಫ್ಟು. 2013ರ ಜನವರಿ ಚಳಿಯಲ್ಲಿ ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಶೆಡ್ಡು ಜೆಸಿಬಿಯಿಂದ ಒಡೆದ್ರು, ಎಷ್ಟೋ ಜನ ಅದೇ ಕಾಂಪೌಂಡ್ ಗೋಡೆಗೆ ಟಾರ್ಪಾಲ್ ಕಟ್ಕೊಂಡು ವರ್ಷಾನುಗಟ್ಟಲೆ ಫುಟ್‌ಪಾತಲ್ಲೇ ಇದ್ರು. ಅವತ್ತು ನಮ್ಮ ಪತ್ರಿಕೆಗೆ ಡೆಮಾಕ್ರಸಿ ಎಲ್ಲಿ ಅಂತ ಕೇಳಿ ಒಂದು ಪತ್ರ ಬರ್ಲಿಲ್ಲ ಮೇಡಂ. ಪಾರ್ಕಿಂಗ್ ಬಗ್ಗೆ ಬಂದಿತ್ತು.

ಬೈದೆ ಅಂತ ಬೇಜಾರು ಮಾಡ್ಕೋಬೇಡಿ, ಅಷ್ಟು ದೂರ ಕೂತು ನಮ್ಮನ್ನ ಓದಿ ಪತ್ರ ಬರೆಯೋರು ಎಷ್ಟು ಜನ ಇದಾರೆ. ಒಂದು ಕೆಲಸ ಮಾಡಿ. ಆ ಫ್ಲ್ಯಾಟುಗಳಿಗೆ ಅರ್ಜಿ ಯಾವಾಗ ಕರೀತಾರೆ ಅಂತ ಸಿಟಿ ಆಫೀಸಲ್ಲೇ ಕೇಳ್ಕೊಂಡು ಅಮ್ಮನ ಆಯಾಗೆ ತಿಳಿಸಿ, ಬೀದಿ ಕೊನೆಯಿಂದ ನಡ್ಕೊಂಡು ಬಂದ್ರೆ ಲೇಟ್ ಆಗೋ ಚಾನ್ಸೇ ಇಲ್ಲ. ನಿಮ್ಮ ಚಂದಾ ಮುಗೀತಾ ಬಂದಿದೆಯಂತೆ, ಆಫೀಸಿನವರು ಬೇರೆ ಬರೀತಾರೆ.